ಗರಿಯಲ್ಲಿ ಕಟ್ಟಿದ ನೊಣ

1496ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕ ಒಂದು ದೊಡ್ಡ ಪುಸ್ತಕ ಅಚ್ಚು ಹಾಕಿದ. ಗಿಡುಗ ಸಾಕೋದು, ಬೇಟೆ ಆಡೋದು, ವಂಶಲಾಂಛನ ಗುರುತಿಸೋದು, ಹೀಗೆ ದೊಡ್ಡ ಮನೆತನದವರ ಹವ್ಯಾಸಗಳೆಲ್ಲ ಅದರಲ್ಲಿದ್ದವು. ಆ ಆವೃತ್ತಿಗೆ ಗಾಳ ಹಾಕುವುದರ ಬಗ್ಗೆ ಒಂದು ಹೊಸ ಭಾಗ ಸೇರಿಕೊಂಡಿತು. ಆ ಭಾಗದ ಕೊನೆಗೆ ಒಂದು ವಿಚಿತ್ರವಾದ ಮಾತಿದೆ. ಇದನ್ನೇ ಬೇರೆಯಾಗಿ, ಸಣ್ಣ ಪುಸ್ತಕವಾಗಿ ಅಚ್ಚು ಹಾಕಿದರೆ ಕೆಲಸವಿಲ್ಲದ ಸೋಮಾರಿಗಳೂ ಕೊಂಡು ಓದಿಬಿಡುತ್ತಾರೆ, ಆಮೇಲೆ ಮೀನು ಹಿಡಿಯೋ ಆಟವನ್ನೇ ಹಾಳು ಮಾಡ್ತಾರೆ, ಅದಕ್ಕೇ ದೊಡ್ಡವರು ಮಾತ್ರ ಕೊಳ್ಳುವಂಥ ದಪ್ಪ ಪುಸ್ತಕದೊಳಗೆ ಸೇರಿಸಿದ್ದೇವೆ, ಅನ್ನೋದು ಅದರ ಸಾರಾಂಶ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಐನೂರು ವರ್ಷದ ಹಿಂದಿನ ಪೇವಾಲ್!

ಇದನ್ನು ಓದಿದಾಗ ನನಗೆ ನಗು ಬಂತು. ಯಾಕಂದ್ರೆ ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಊರಲ್ಲಿ. ಅಲ್ಲಿ ಮಳೆಗಾಲದಲ್ಲಿ ಬಿದಿರು ಕೋಲಿಗೆ ದಾರ ಕಟ್ಟಿ, ಎರೆಹುಳ ಸಿಕ್ಕಿಸಿ ಹಳ್ಳದ ಬದಿ ಕೂತರೆ ಸಿಗುತ್ತಿದ್ದ ಬಿರುದೂ ಇದೇ. "ಗಾಳ ಹಿಡ್ಕಂಡು ಕೂತ್ರೆ ಉದ್ಧಾರ ಆಗ್ತೀಯೇನೋ? ಓದೋದು ಬಿಟ್ಟು ಸೋಮಾರಿ ಆಗಿದೀಯ" ಅಂತ ಅಜ್ಜಿ ಬೈಯೋರು. ಅಂದ್ರೆ ಅದೇ ಕೆಲಸ, ಅದೇ ನೀರು, ಅದೇ ಕಾಯುವಿಕೆ. ಒಬ್ಬ ಮಾಡಿದರೆ ಹವ್ಯಾಸ, ಇನ್ನೊಬ್ಬ ಮಾಡಿದರೆ ಸೋಮಾರಿತನ. ಯಾರು ಯಾವುದು ಅನ್ನೋದನ್ನು ಯಾರು ತೀರ್ಮಾನ ಮಾಡಿದರು? ನೊಣ ಕಟ್ಟುವ ಕಲೆಯ ಚರಿತ್ರೆಯನ್ನು ಹುಡುಕಿಕೊಂಡು ಹೋದಷ್ಟೂ ಈ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

ನೊಣ ಕಟ್ಟೋದು ಅಂದ್ರೆ ಏನು ಅಂತ ಮೊದಲು ಹೇಳಿಬಿಡ್ತೀನಿ.

ಕಂಪನಿ ಕೆಲಸದ ಮೇಲೆ ಒಂದೂವರೆ ವರ್ಷ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿದ್ದೆ. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ರೂಮಲ್ಲಿ ಒಬ್ಬನೇ ಕೂತು ಬೇಜಾರಾಗಿ, ಹತ್ತಿರದ ಸಮುದಾಯ ಭವನದಲ್ಲಿ ವಾರಕ್ಕೊಮ್ಮೆ ನಡೆಯುತ್ತಿದ್ದ ಒಂದು ಕ್ಲಾಸಿಗೆ ಹೋದೆ. ಹತ್ತು ಹನ್ನೆರಡು ಜನ, ಬಹುತೇಕ ರಿಟೈರ್ ಆದ ತಾತಂದಿರು, ಮೇಜಿನ ಮೇಲೆ ಪುಟ್ಟ ಪುಟ್ಟ ಹಿಡಿಕಟ್ಟುಗಳನ್ನು ಇಟ್ಟುಕೊಂಡು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕೊಕ್ಕೆಗೆ ದಾರ ಸುತ್ತುತ್ತಿದ್ದರು. ದಾರದ ಜೊತೆ ಕೋಳಿಗರಿ, ಮೊಲದ ಕೂದಲು, ಒಂದೆಳೆ ತಾಮ್ರದ ತಂತಿ. ಹತ್ತು ನಿಮಿಷದಲ್ಲಿ ಅದು ಕೊಕ್ಕೆಯಾಗಿ ಉಳಿಯುತ್ತಿರಲಿಲ್ಲ, ಹುಳವಾಗಿರುತ್ತಿತ್ತು. ರೆಕ್ಕೆ, ಬಾಲ, ಕಾಲು ಎಲ್ಲ ಇರುವ ಹುಳ. ಅವತ್ತು ರಾತ್ರಿ ರೂಮಿಗೆ ಬಂದವನು ಮೊದಲು ಮಾಡಿದ ಕೆಲಸ ಆನ್‌ಲೈನಲ್ಲಿ ಒಂದು ಹಿಡಿಕಟ್ಟು ಆರ್ಡರ್ ಮಾಡಿದ್ದು. ದಿನವಿಡೀ ಸ್ಕ್ರೀನ್ ಮೇಲಿನ ಅಕ್ಷರ ಸರಿಮಾಡುವ ಕೈಗೆ ಮುಟ್ಟೋಕೆ ಸಿಗುವಂಥ ಏನೋ ಒಂದು ಬೇಕಾಗಿತ್ತು ಅನ್ಸುತ್ತೆ.

ಮಾಮೂಲಿ ಗಾಳದಲ್ಲಿ ದಾರದ ತುದಿಯಲ್ಲಿ ತೂಕ ಇರುತ್ತೆ. ಸೀಸದ ಗುಂಡೋ, ಹುಳದ ತೂಕವೋ. ನಾವು ಬೀಸಿದಾಗ ಆ ತೂಕ ಹಾರಿ ಹೋಗುತ್ತೆ, ದಾರ ಅದರ ಹಿಂದೆ ಓಡುತ್ತೆ. ಆದರೆ ಗರಿಯ ನೊಣಕ್ಕೆ ತೂಕವೇ ಇಲ್ಲ. ಗರಿಯನ್ನು ಎಷ್ಟೇ ಜೋರಾಗಿ ಎಸೆದರೂ ಅದು ಕಾಲ ಬುಡದಲ್ಲೇ ಬೀಳುತ್ತೆ ತಾನೇ? ಅದಕ್ಕೇ ಇಲ್ಲಿ ಲೆಕ್ಕ ಉಲ್ಟಾ. ತೂಕ ಇರೋದು ದಾರದಲ್ಲಿ. ದಪ್ಪನೆಯ ದಾರವನ್ನು ಚಾಟಿಯ ಹಾಗೆ ಹಿಂದೆ ಮುಂದೆ ಬೀಸಿ ಬಿಟ್ಟರೆ ಅದು ಗಾಳಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತಾ ಹೋಗುತ್ತೆ, ತುದಿಯಲ್ಲಿರುವ ನೊಣ ನಿಧಾನಕ್ಕೆ ನೀರಿನ ಮೇಲೆ ಕೂರುತ್ತೆ. ಮೊದಲು ಈ ದಾರವನ್ನು ಕುದುರೆ ಬಾಲದ ಕೂದಲು ಹೊಸೆದು ಮಾಡುತ್ತಿದ್ದರು. ಆಮೇಲೆ ರೇಷ್ಮೆ ಬಂತು, ಈಗ ಪ್ಲಾಸ್ಟಿಕ್. ನೊಣದ ಹತ್ತಿರದ ಕಣ್ಣಿಗೆ ಕಾಣದಂಥ ಸಣ್ಣ ಎಳೆಗೆ, ನೈಲಾನ್ ಬರುವ ತನಕ, ರೇಷ್ಮೆಹುಳದ ಒಳಗಿನ ರೇಷ್ಮೆ ಗ್ರಂಥಿಯನ್ನೇ ಹುಳಿನೀರಲ್ಲಿ ನೆನೆಸಿ ಎಳೆದು ಬಳಸುತ್ತಿದ್ದರು. ಸ್ಪೇನಿನ ಮುರ್ಸಿಯಾ ಆ ವ್ಯಾಪಾರಕ್ಕೆ ಹೆಸರಾಗಿತ್ತು. ಗೂಡು ಕಟ್ಟೋ ಮೊದಲೇ ಹುಳ ತೆಗೆದು ಮೀನಿಗೆ ಗಾಳ! ರಾಮನಗರದ ರೈತರಿಗೆ ಹೇಳಿದರೆ ನಂಬಲಿಕ್ಕಿಲ್ಲ.

ಇಷ್ಟೆಲ್ಲ ಒದ್ದಾಟ ಯಾಕೆ, ನಿಜವಾದ ನೊಣವನ್ನೇ ಸಿಕ್ಕಿಸಬಹುದಲ್ಲ ಅಂತ ನಿಮಗನ್ನಿಸಬಹುದು. ಇದಕ್ಕೆ ಉತ್ತರ ಸುಮಾರು 1800 ವರ್ಷ ಹಳೆಯದು.

ಈಲಿಯನ್ ಅಂತ ರೋಮಿನ ಒಬ್ಬ ಲೇಖಕ. ಪ್ರಾಣಿಗಳ ಸ್ವಭಾವದ ಬಗ್ಗೆ ಗ್ರೀಕ್ ಭಾಷೆಯಲ್ಲಿ ಪುಸ್ತಕ ಬರೆದ. ಇಟಲಿ ಬಿಟ್ಟು ಆಚೆ ಹೋದವನೇ ಅಲ್ಲ, ಹಾಗಾಗಿ ಅವನು ಬರೆದದ್ದು ಓದಿದ ಮತ್ತು ಕೇಳಿದ ಸಂಗತಿ. ಮ್ಯಾಸಿಡೋನಿಯಾದಲ್ಲಿ ಬೆರೋಯಾಕ್ಕೂ ಥೆಸಲೊನೀಕಾಕ್ಕೂ ನಡುವೆ ಹರಿಯುವ ಆಸ್ಟ್ರೇಯಸ್ ಎಂಬ ನದಿಯಲ್ಲಿ ಮೈಮೇಲೆ ಚುಕ್ಕೆಗಳಿರುವ ಮೀನುಗಳಿವೆ, ಅವು ನೀರಿನ ಮೇಲೆ ಹಾರುವ ಒಂದು ಜಾತಿಯ ನೊಣವನ್ನು ತಿನ್ನುತ್ತವೆ ಅನ್ನುತ್ತಾನೆ. ಅಲ್ಲಿಯ ಬೆಸ್ತರು ಆ ನೊಣವನ್ನು ಹಿಡಿದು ಗಾಳಕ್ಕೆ ಸಿಕ್ಕಿಸೋದಿಲ್ಲ. ಕೈ ಸೋಕಿದರೆ ಅದರ ಬಣ್ಣ ಹೋಗುತ್ತೆ, ರೆಕ್ಕೆ ಮುದುಡುತ್ತೆ, ಮೀನು ಮೂಸಿಯೂ ನೋಡೋದಿಲ್ಲ. ಬದಲಿಗೆ ಅವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕುತ್ತಿಗೆಯ ಬಳಿಯ ಮೇಣದ ಬಣ್ಣದ ಎರಡು ಗರಿ ಕಟ್ಟುತ್ತಾರೆ. ಕೋಲು ಆರಡಿ, ದಾರವೂ ಆರಡಿ.

ಈ ಕೌಶಲ ಇರೋದು ಬೆಸ್ತರ ಕೈಯಲ್ಲಿ ಅನ್ನೋದನ್ನು ಗಮನಿಸಿ. ಅವರ ಹೆಸರು ಗೊತ್ತಿಲ್ಲ. ಬರೆದಿಟ್ಟವನು ನಗರದ ಪಂಡಿತ. ಆ ಬೆಸ್ತರು ಅಲ್ಲಿ ಹೊಟ್ಟೆಪಾಡಿಗೆ ಮೀನು ಹಿಡಿಯುತ್ತಿದ್ದರು, ಯಾರೂ ಅವರನ್ನು ಕಲಾವಿದರು ಅಂದಿರಲಾರರು. ಉಣ್ಣೆ, ಹುಂಜದ ಗರಿ, ಕೊಕ್ಕೆ: ಇವತ್ತು ನನ್ನ ಮೇಜಿನ ಮೇಲೆ ಇರೋದೂ ಅಷ್ಟೇ ಸಾಮಾನು.

ಇನ್ನು ನಮ್ಮ ಕಡೆಗೆ ಬಂದರೆ, ಗಾಳ ಹಾಕೋದರ ಬಗ್ಗೆ ಬರೆದ ಹಳೆಯ ಗ್ರಂಥಗಳಲ್ಲಿ ಒಂದು ಹುಟ್ಟಿದ್ದು ಕರ್ನಾಟಕದಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ. ಅಡುಗೆಯಿಂದ ಆನೆ ಪಳಗಿಸುವ ತನಕ ಎಲ್ಲ ಇರುವ ಈ ವಿಶ್ವಕೋಶದಲ್ಲಿ 'ಮತ್ಸ್ಯವಿನೋದ' ಅಂತಲೇ ಒಂದು ಅಧ್ಯಾಯ ಇದೆ. ಮೀನುಗಳ ಬಗೆ, ಯಾವ ಮೀನಿಗೆ ಯಾವ ಆಹಾರ, ಕೋಲು ದಾರ ಹೇಗಿರಬೇಕು ಅನ್ನೋ ವಿವರಗಳಿವೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಮೀನು ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ವಿಜ್ಞಾನಲೋಕದ ಗಮನ ಸೆಳೆದರು. ಇಂಗ್ಲೆಂಡಿನ ಆ ದಪ್ಪ ಪುಸ್ತಕಕ್ಕಿಂತ ಸುಮಾರು 360 ವರ್ಷ ಹಿಂದಿನ ಪುಸ್ತಕ ಇದು. ಬಸವಕಲ್ಯಾಣದ ದೊರೆ ಗಾಳ ಹಾಕಿದರೆ ವಿನೋದ, ನಾನು ಹಾಕಿದರೆ ಸೋಮಾರಿತನ. ಅಜ್ಜಿಗೆ ಈ ಪುಸ್ತಕ ಗೊತ್ತಿದ್ದಿದ್ದರೆ ವಾದಕ್ಕೆ ಒಂದು ಪಾಯಿಂಟು ಸಿಗುತ್ತಿತ್ತು.

ಮತ್ತೆ 1496ಕ್ಕೆ. ಆ ಪುಸ್ತಕದ ಗಾಳದ ಭಾಗವನ್ನು ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಬರೆದಳು ಅಂತ ಪ್ರತೀತಿ. ಆಧಾರ ತೀರಾ ತೆಳು. ಆದರೆ ಅದರಲ್ಲಿರುವ ವಿವರ ಗಟ್ಟಿ. ಯಾವ ತಿಂಗಳಿಗೆ ಯಾವ ನೊಣ ಅಂತ ಒಟ್ಟು 12 ನೊಣಗಳ ಪಟ್ಟಿ ಇದೆ. ಉಣ್ಣೆಯ ಬಣ್ಣ ಯಾವುದು, ರೆಕ್ಕೆಗೆ ಯಾವ ಹಕ್ಕಿಯ ಗರಿ ಅಂತ ಅಡುಗೆ ಪುಸ್ತಕದ ಥರ ಬರೆದಿದ್ದಾರೆ. ಜೊತೆಗೆ ಒಂದು ಬುದ್ಧಿಮಾತು: ಒಂದೇ ಸಲಕ್ಕೆ ಬಹಳ ಮೀನು ಹಿಡಿಯುವ ದುರಾಸೆ ಬೇಡ. ಬಾಗಿಲು ಹಾಕಿಕೊಂಡವರೇ ಒಳಗೆ ಒಳ್ಳೆ ಮಾತೂ ಆಡಿದ್ದಾರೆ, ಇಲ್ಲ ಅನ್ನೋಕಾಗಲ್ಲ.

ಬಾಗಿಲು ತೆಗೆದದ್ದು ಒಬ್ಬ ಅಂಗಡಿಯವ. ಐಸಾಕ್ ವಾಲ್ಟನ್ ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರ ಮಾಡಿದವನು. ಅಂತರ್ಯುದ್ಧ ಮುಗಿದು ದೊರೆಯ ತಲೆಯೂ ಉರುಳಿದ ಕಾಲದಲ್ಲಿ, 1653ರಲ್ಲಿ, 'ದಿ ಕಂಪ್ಲೀಟ್ ಆಂಗ್ಲರ್' ಪ್ರಕಟಿಸಿದ. ಇಬ್ಬರು ಮೂವರು ದಾರಿಯಲ್ಲಿ ಸಿಕ್ಕಿ ಹರಟುತ್ತಾ ನದಿ ಕಡೆ ನಡೆಯುವಂಥ ಪುಸ್ತಕ. ಆದರೆ ವಾಲ್ಟನ್ ನೊಣದ ಮೀನುಗಾರಿಕೆಯಲ್ಲಿ ಪಳಗಿದವನಲ್ಲ. ಅದಕ್ಕೇ 1676ರ ಐದನೇ ಆವೃತ್ತಿಗೆ ಗೆಳೆಯ ಚಾರ್ಲ್ಸ್ ಕಾಟನ್ ಹತ್ತಿರ ಎರಡನೇ ಭಾಗ ಬರೆಸಿದ. ಡವ್ ನದಿಯ ದಡದಲ್ಲಿ ಬೆಳೆದ ಕಾಟನ್ 65 ನೊಣಗಳ ವಿವರ ಕೊಟ್ಟ. ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹತ್ತಿರ ಬರೆಸಿ ತನ್ನ ಪುಸ್ತಕದಲ್ಲೇ ಜಾಗ ಕೊಡೋದು ಇದೆಯಲ್ಲ, ಅದು ಇವತ್ತಿನ ನಮ್ಮ ಆಫೀಸುಗಳಲ್ಲೂ ಅಪರೂಪ.

ಮುಂದಿನ ಹೆಜ್ಜೆ ನನಗೆ ಬಹಳ ಇಷ್ಟವಾದದ್ದು. ಆಲ್ಫ್ರೆಡ್ ರೊನಾಲ್ಡ್ಸ್ ಎಂಬಾತ ಸ್ಟ್ಯಾಫರ್ಡ್‌ಶೈರಿನ ಬ್ಲೈಥ್ ನದಿಯ ಮೇಲೆ ಒಂದು ಗುಡಿಸಲು ಕಟ್ಟಿಕೊಂಡು ಟ್ರೌಟ್ ಮೀನುಗಳನ್ನು ನೋಡುತ್ತಾ ಕೂತ. ಹಿಡಿಯೋಕಲ್ಲ, ಬರೀ ನೋಡೋಕೆ. ಮೀನಿಗೆ ಕಿವಿ ಕೇಳುತ್ತಾ ಅಂತ ಪರೀಕ್ಷೆ ಮಾಡೋಕೆ ಮರೆಯಲ್ಲಿ ನಿಂತು ಬಂದೂಕು ಹಾರಿಸಿದ. ಮೀನು ಕದಲಲಿಲ್ಲ. ರುಚಿ ಗೊತ್ತಾಗುತ್ತಾ ಅಂತ ಸತ್ತ ನೊಣಗಳಿಗೆ ಖಾರ, ಸಾಸಿವೆ ಬಳಿದು ನೀರಿಗೆ ಎಸೆದ. ಟ್ರೌಟ್‌ಗಳು ನುಂಗಿದವು. ಮೀನು ಏನನ್ನು ಹೇಗೆ ನೋಡುತ್ತೆ ಅಂತ ಬೆಳಕಿನ ವಕ್ರೀಭವನದ ಚಿತ್ರ ಬರೆದ. 1836ರಲ್ಲಿ ಬಂದ ಅವನ 'ದಿ ಫ್ಲೈ ಫಿಷರ್ಸ್ ಎಂಟಮಾಲಜಿ'ಯಲ್ಲಿ ಮೇಲೊಂದು ನಿಜವಾದ ಹುಳ, ಕೆಳಗೊಂದು ಕಟ್ಟಿದ ನೊಣ ಅಂತ ಬಣ್ಣದ ಚಿತ್ರಗಳಿವೆ. ಅಲ್ಲಿಯವರೆಗೆ ಅಪ್ಪ ಹೇಳಿದ್ದು, ತಾತ ಹೇಳಿದ್ದು ಅಂತ ನಡೆದುಬಂದದ್ದಕ್ಕೆ ಹುಳದ ವೈಜ್ಞಾನಿಕ ಹೆಸರು ಸೇರಿಕೊಂಡಿತು.

ಹುಳ ಅಂದೆನಲ್ಲ, ಈ ಆಟದ ನಾಯಕ ಮೇಫ್ಲೈ. ನೀರೊಳಗೆ, ಕಲ್ಲಿನಡಿ, ಕೆಸರಿನಲ್ಲಿ ಮರಿಹುಳವಾಗಿ ತಿಂಗಳುಗಟ್ಟಲೆ, ಕೆಲವು ಜಾತಿಗಳು ಒಂದೆರಡು ವರ್ಷ ಬದುಕುತ್ತವೆ. ಒಂದು ದಿನ ಮೇಲೆ ಈಜಿ ಬಂದು, ಸಿಪ್ಪೆ ಬಿಚ್ಚಿ, ರೆಕ್ಕೆ ಬಿಡಿಸಿ ಹಾರುತ್ತವೆ. ರೆಕ್ಕೆ ಬಂದ ಮೇಲೂ ಇನ್ನೊಂದು ಸಲ ಪೊರೆ ಬಿಡುವ ಕೀಟ ಇದೊಂದೇ. ಹಾರುವ ಹುಳಕ್ಕೆ ಕೆಲಸ ಮಾಡುವ ಬಾಯಿಲ್ಲ, ತಿನ್ನೋಕೆ ಸಮಯವೂ ಇಲ್ಲ. ಒಂದೆರಡು ದಿನದಲ್ಲಿ ಜೋಡಿಯಾಗಿ, ಮೊಟ್ಟೆಯಿಟ್ಟು ಸಾಯುತ್ತೆ. ಈ ಒಂದೊಂದು ಹಂತದಲ್ಲೂ ಮೀನಿಗೆ ಅದು ಊಟ. ಹಾಗಾಗಿ ನೊಣ ಕಟ್ಟುವವನು ಹುಳದ ಯಾವ ಹಂತವನ್ನು ಕಟ್ಟಬೇಕು ಅನ್ನೋದೇ ಪ್ರಶ್ನೆ. ಇದೇ ಪ್ರಶ್ನೆಯ ಮೇಲೆ ಇಂಗ್ಲೆಂಡಿನಲ್ಲಿ ದೊಡ್ಡ ಜಗಳವೇ ಆಯಿತು.

ನಾನಿದ್ದ ಹ್ಯಾಂಪ್‌ಶೈರಿನಲ್ಲಿ ಟೆಸ್ಟ್ ಮತ್ತು ಇಚೆನ್ ಅಂತ ಎರಡು ನದಿಗಳಿವೆ. ಸುಣ್ಣಕಲ್ಲಿನ ಊಟೆಗಳಿಂದ ಹುಟ್ಟುವ ಇವುಗಳ ನೀರು ಗಾಜಿನಷ್ಟು ತಿಳಿ. ಇಂಥ ನದಿಗಳು ಇಡೀ ಪ್ರಪಂಚದಲ್ಲಿ ಸುಮಾರು 200, ಅದರಲ್ಲಿ ಬಹುಪಾಲು ಇಂಗ್ಲೆಂಡಿನಲ್ಲೇ. ಟೆಸ್ಟ್ ನದಿಯ ಮೇಲೆ ಫ್ರೆಡರಿಕ್ ಹಾಲ್ಫರ್ಡ್ ಎಂಬ ಸಿರಿವಂತ ಕೆಲಸ ಶುರುಮಾಡಿದ. ಜಾರ್ಜ್ ಸೆಲ್ವಿನ್ ಮ್ಯಾರಿಯೆಟ್ ಜೊತೆ ಸೇರಿ ಹುಳ ಸಂಗ್ರಹಿಸಿ, ಹೋಲಿಸಿ, ನೀರಿನ ಮೇಲೆ ತೇಲುವ ನೊಣಗಳನ್ನು ಕಟ್ಟುವುದರ ಬಗ್ಗೆ 1886ರಲ್ಲಿ ಪುಸ್ತಕ ತಂದ. 1889ರಲ್ಲಿ ಇನ್ನೊಂದು. ಮೊದಲು ಮೇಲೆ ಬಂದು ಹುಳ ತಿನ್ನುತ್ತಿರುವ ಮೀನನ್ನು ಕಣ್ಣಾರೆ ನೋಡಬೇಕು. ಅದು ತಿನ್ನುತ್ತಿರುವ ಹುಳ ಯಾವುದು ಅಂತ ತಿಳೀಬೇಕು. ಅದನ್ನೇ ಹೋಲುವ ಒಣ ನೊಣವನ್ನು ಕೆಳಗಿನಿಂದ ಮೇಲ್ಮುಖವಾಗಿ ಎಸೆಯಬೇಕು. ವಿಧಾನ ಚೆನ್ನಾಗಿತ್ತು. ಆದರೆ ವಿಧಾನ ನಿಧಾನಕ್ಕೆ ಮಡಿ ಆಯಿತು. ಅನುಯಾಯಿಗಳ ಬಾಯಲ್ಲಿ, ಮುಳುಗುವ ನೊಣ ಬಳಸುವವನು ಮರ್ಯಾದಸ್ಥನೇ ಅಲ್ಲ ಅನ್ನೋ ಮಟ್ಟಕ್ಕೆ ಹೋಯಿತು.

ಇಚೆನ್ ನದಿಯಲ್ಲಿ ಗಾಳ ಹಾಕುತ್ತಿದ್ದ ವಕೀಲ ಜಿ. ಇ. ಎಂ. ಸ್ಕ್ಯೂಸ್ ಈ ಮಡಿಯನ್ನು ಪ್ರಶ್ನೆ ಮಾಡಿದ. ಅವನ ಆಯುಧ ಒಂದು ಚಮಚ. ಹಿಡಿದ ಮೀನಿನ ಹೊಟ್ಟೆಗೆ ಉದ್ದನೆಯ ಸಣ್ಣ ಚಮಚ ತೂರಿಸಿ, ಅದು ನಿಜವಾಗಿ ಏನು ತಿಂದಿದೆ ಅಂತ ತಟ್ಟೆಯಲ್ಲಿ ಹರಡಿ ನೋಡಿದ. ಹೊಟ್ಟೆಯಲ್ಲಿದ್ದದ್ದು ಬಹುಪಾಲು ನೀರೊಳಗಿನ ಮರಿಹುಳ. ಅಂದಮೇಲೆ ಮರಿಹುಳವನ್ನೇ ಕಟ್ಟಿ ನೀರೊಳಗೆ ಬಿಟ್ಟರೆ ತಪ್ಪೇನು? 1910ರಲ್ಲಿ ಇದನ್ನು ಪುಸ್ತಕ ಮಾಡಿದ. ನಮ್ಮ ಭಾಷೆಯಲ್ಲಿ ಇದು ಲಾಗ್ ಓದೋದು. ಡಿಸೈನ್ ಡಾಕ್ಯುಮೆಂಟ್ ಏನು ಹೇಳುತ್ತೋ ಹೇಳಲಿ, ಸಿಸ್ಟಮ್ ಒಳಗೆ ಏನಾಗ್ತಿದೆ ಅಂತ ತೆಗೆದು ನೋಡು. ಲಾಗ್ ಓದಿದವನ ಮೇಲೆ ಹಿರಿಯರಿಗೆ ಸಿಟ್ಟು ಬರೋದೂ ಹೊಸದಲ್ಲ. 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಮರಿಹುಳದ ಗಾಳ ನ್ಯಾಯವೋ ಅನ್ಯಾಯವೋ ಅಂತ ಚರ್ಚೆಯನ್ನೇ ಇಟ್ಟರು. ಸ್ಕ್ಯೂಸ್‌ಗೆ ಆಗ ಹತ್ತಿರ ಹತ್ತಿರ 80. ಆ ವರ್ಷದ ಋತು ಮುಗಿದ ಮೇಲೆ ದಶಕಗಳಿಂದ ಗಾಳ ಹಾಕುತ್ತಿದ್ದ ಆ ನೀರನ್ನೇ ಬಿಟ್ಟುಬಂದ.

ಕೊನೆಗೆ ಗೆದ್ದದ್ದು ಕ್ಲಬ್ಬಿನವರೂ ಅಲ್ಲ, ವಕೀಲನೂ ಅಲ್ಲ ಅಂತ ನನ್ನ ಲೆಕ್ಕ. ಏವನ್ ನದಿಯ ಕಾವಲುಗಾರನಾಗಿದ್ದ ಫ್ರ್ಯಾಂಕ್ ಸಾಯರ್. ಸಂಬಳಕ್ಕೆ ಬೇರೆಯವರ ನದಿ ಕಾಯುತ್ತಿದ್ದ ಈತ ದಿನವೂ ನೀರು ನೋಡಿ ನೋಡಿ, ದಾರವನ್ನೇ ಬಿಟ್ಟುಹಾಕಿದ. ತೆಳ್ಳನೆಯ ತಾಮ್ರದ ತಂತಿ, ಫೆಸೆಂಟ್ ಹಕ್ಕಿಯ ಬಾಲದ ಗರಿ, ಎರಡೇ ಸಾಮಾನು. ತಂತಿಯೇ ದಾರ, ತಂತಿಯೇ ತೂಕ, ತಂತಿಯೇ ಹೊಳಪು. ಇವತ್ತಿಗೂ ಪ್ರಪಂಚದ ಎಲ್ಲ ಕಡೆ ಗಾಳಗಾರರ ಡಬ್ಬಿಯಲ್ಲಿ ಅದು ಇರುತ್ತೆ. ನಾನು ಸರಿಯಾಗಿ ಕಟ್ಟಲು ಕಲಿತ ಮೊದಲ ನೊಣವೂ ಅದೇ.

ಈಗ ಕಥೆಯ ಇನ್ನೊಂದು ಮುಖ.

ಟ್ರೌಟ್ ನೊಣ ಕಟ್ಟುವವರು ಹುಳ ನೋಡುತ್ತಾ ಕೂತಿದ್ದಾಗ, ಸಾಲ್ಮನ್ ಮೀನಿಗೆ ನೊಣ ಕಟ್ಟುವವರು ಬೇರೆಯೇ ದಾರಿ ಹಿಡಿದರು. ಅಟ್ಲಾಂಟಿಕ್ ಸಾಲ್ಮನ್ ಸಮುದ್ರದಿಂದ ಮೊಟ್ಟೆಯಿಡಲು ನದಿಗೆ ಹತ್ತಿದ ಮೇಲೆ ಊಟ ಮಾಡೋದನ್ನೇ ನಿಲ್ಲಿಸುತ್ತೆ. ನಮ್ಮ ಮಲೆನಾಡಿನ ಹತ್ತುಮೀನಿನ ಥರ ಅದರ ಗಮನವೆಲ್ಲ ಮೇಲೇರುವ ಕಡೆಗೆ. ತಿನ್ನದ ಮೀನು ನೊಣಕ್ಕೆ ಬಾಯಿ ಹಾಕೋದು ಯಾಕೆ ಅನ್ನೋದಕ್ಕೆ ಸಿಟ್ಟು, ಹಳೆ ಅಭ್ಯಾಸ ಅಂತ ಊಹೆಗಳಿವೆ. ತಿನ್ನೋದೇ ಇಲ್ಲ ಅಂದಮೇಲೆ ನೊಣ ಯಾವ ಹುಳದ ಥರವೂ ಇರಬೇಕಾಗಿಲ್ಲ. ಹಾಗಾಗಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸಾಲ್ಮನ್ ನೊಣಗಳು ಮದುಮಗಳ ಒಡವೆಯ ಥರ ಆದವು. ಸಾಮ್ರಾಜ್ಯದ ಹಡಗುಗಳು ಲಂಡನ್ನಿಗೆ ತರುತ್ತಿದ್ದ ಗರಿಗಳೆಲ್ಲ ಅದಕ್ಕೆ ಬಂದವು. ಟೂಕನ್, ಮಕಾವ್, ನೀಲಿ ಕೋಟಿಂಗಾ. 'ಇಂಡಿಯನ್ ಕ್ರೋ' ಅಂತ ಒಂದು ಗರಿ ಇದೆ, ಅದು ಇಂಡಿಯಾದ್ದೂ ಅಲ್ಲ, ಕಾಗೆಯೂ ಅಲ್ಲ, ದಕ್ಷಿಣ ಅಮೆರಿಕದ ಹಕ್ಕಿ! 1895ರಲ್ಲಿ ಜಾರ್ಜ್ ಕೆಲ್ಸನ್ ಬರೆದ 'ದಿ ಸಾಲ್ಮನ್ ಫ್ಲೈ' ಈ ಶೃಂಗಾರದ ಶಾಸ್ತ್ರಗ್ರಂಥ.

ಆದರೆ ಅವರ ಪಟ್ಟಿಯಲ್ಲಿ ನಿಜವಾಗಿಯೂ ಇಂಡಿಯಾದ್ದೇ ಆದ ಒಂದು ಹಕ್ಕಿ ಇತ್ತು. ಹೆಸರು 'ಜಂಗಲ್ ಕಾಕ್'. ಹ್ಯಾಂಪ್‌ಶೈರಿನ ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ ಕವರಿನೊಳಗಿದ್ದ ಆ ಗರಿಯನ್ನು ನೋಡಿ ನಿಂತುಬಿಟ್ಟೆ. ಕಪ್ಪು ಗರಿಯ ತುದಿಯಲ್ಲಿ ಬಣ್ಣ ತೊಟ್ಟಿಕ್ಕಿ ಒಣಗಿದ ಹಾಗೆ ಹೊಳೆಯುವ ಹಳದಿ ಬಿಳಿ ಚುಕ್ಕೆ. ನಮ್ಮ ಕಾಡುಕೋಳಿ! ಬೆಳಗಿನ ಜಾವ ತೋಟದ ಮೇಲಿನ ಕಾಡಿನಿಂದ ಕೂಗುತ್ತಿದ್ದ, ಕಾಣಿಸಿಕೊಂಡ ಮರುಕ್ಷಣ ಪೊದೆ ಸೇರುತ್ತಿದ್ದ ಬೂದು ಕಾಡುಕೋಳಿ. ದಕ್ಷಿಣ ಮತ್ತು ಪಶ್ಚಿಮ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಅದು ಸಹಜವಾಗಿ ಬದುಕಿಲ್ಲ. ಇವತ್ತು ನಾವು ತಿನ್ನುವ ಕೋಳಿಯ ಚರ್ಮದ ಹಳದಿ ಬಣ್ಣದ ಜೀನ್ ಬಂದದ್ದೂ ಈ ಕಾಡುಕೋಳಿಯಿಂದಲೇ ಅಂತ 2008ರಲ್ಲಿ ಸಂಶೋಧಕರು ತೋರಿಸಿದರು. ಅದರ ಕುತ್ತಿಗೆಯ ಆ ಚುಕ್ಕೆಯ ಗರಿ ಸ್ಕಾಟ್ಲೆಂಡಿನ ಸಾಲ್ಮನ್ ನೊಣದ ಕೆನ್ನೆಯ ಮೇಲೆ ಕಣ್ಣಾಗಿ ಕೂತಿತ್ತು. ಆ ಕಣ್ಣಿಗಾಗಿ ಎಷ್ಟು ಕಾಡುಕೋಳಿಗಳ ಕುತ್ತಿಗೆಯ ಚರ್ಮ ಹಡಗು ಹತ್ತಿರಬಹುದು ಅಂತ ಯೋಚಿಸಿದರೆ ಹೊಟ್ಟೆ ತೊಳಸುತ್ತೆ. 1960ರ ದಶಕದ ಕೊನೆಗೆ ಭಾರತ ಈ ರಫ್ತಿಗೆ ತಡೆ ಹಾಕಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಬಂತು. ಈಗ ಅಲ್ಲಿ ಮಾರೋದು ಇಂಗ್ಲೆಂಡಿನಲ್ಲೇ ಸಾಕಿ ಬೆಳೆಸಿದ ಹಕ್ಕಿಗಳ ಗರಿ. ಆದರೂ ಆ ಕವರನ್ನು ಕೊಂಡುಕೊಳ್ಳೋಕೆ ನನಗೆ ಮನಸ್ಸಾಗಲಿಲ್ಲ.

ಈ ಗರಿಯ ಹುಚ್ಚು ಹಳೇ ಕಾಲದ್ದು ಅಂದುಕೊಳ್ಳಬೇಡಿ. 2009ರ ಜೂನಿನ ಒಂದು ರಾತ್ರಿ, ಲಂಡನ್ನಿನಲ್ಲಿ ಕೊಳಲು ಕಲಿಯುತ್ತಿದ್ದ ಇಪ್ಪತ್ತರ ಹರೆಯದ ಅಮೆರಿಕನ್ ವಿದ್ಯಾರ್ಥಿಯೊಬ್ಬ ಟ್ರಿಂಗ್ ಊರಿನ ವಸ್ತುಸಂಗ್ರಹಾಲಯದ ಕಿಟಕಿ ಒಡೆದು ಒಳಗೆ ನುಗ್ಗಿದ. ಆತ ವಿಕ್ಟೋರಿಯನ್ ನೊಣ ಕಟ್ಟೋದರಲ್ಲಿ ನಿಸ್ಸೀಮ. ಸೂಟ್‌ಕೇಸಿನಲ್ಲಿ 299 ಹಕ್ಕಿಗಳ ಚರ್ಮ ತುಂಬಿಕೊಂಡು ಹೊರಟ. ಅದರಲ್ಲಿ ಡಾರ್ವಿನ್ ಜೊತೆಗೇ ವಿಕಾಸವಾದವನ್ನು ಕಂಡುಕೊಂಡ ಆಲ್ಫ್ರೆಡ್ ರಸೆಲ್ ವಾಲೆಸ್ ಕೈಯಾರೆ ಸಂಗ್ರಹಿಸಿ ಚೀಟಿ ಕಟ್ಟಿದ್ದ ಹಕ್ಕಿಗಳೂ ಇದ್ದವು. ಸಂಗ್ರಹಾಲಯದವರಿಗೆ ಕಳ್ಳತನ ಗೊತ್ತಾಗಲು ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಗರಿಗಳು ಆನ್‌ಲೈನಲ್ಲಿ ಬಿಡಿಬಿಡಿಯಾಗಿ ಮಾರಾಟಕ್ಕಿದ್ದವು. ಸಿಕ್ಕಿಬಿದ್ದಾಗ ಇಡಿಯಾಗಿ ಉಳಿದಿದ್ದವು 174, ಚೀಟಿ ಸಮೇತ ಇದ್ದವು 102. ಯಾವ ಊರಲ್ಲಿ, ಯಾವ ದಿನ ಸಿಕ್ಕಿತು ಅಂತ ಬರೆದ ಆ ಚೀಟಿ ಹೋದರೆ ವಿಜ್ಞಾನಕ್ಕೆ ಹಕ್ಕಿ ಹೋದ ಹಾಗೇ. ಇಷ್ಟಕ್ಕೂ ಆ ಗರಿಯಲ್ಲಿ ಕಟ್ಟಿದ ನೊಣಗಳು ನೀರು ಕಾಣೋದಿಲ್ಲ, ಗಾಜಿನ ಚೌಕಟ್ಟಿನಲ್ಲಿ ಗೋಡೆ ಏರುತ್ತವೆ. ಮೀನೂ ಇಲ್ಲ, ನದಿಯೂ ಇಲ್ಲ, ಹುಳವೂ ಇಲ್ಲ. ಬರೀ ಪಾಕವಿಧಾನ. ಅದೇ ಸಾಲ್ಮನ್ ನೊಣಗಳನ್ನು ಬಣ್ಣ ಹಾಕಿದ ಸಾಕುಕೋಳಿಯ ಗರಿಯಲ್ಲಿ ಕಟ್ಟುವವರೂ ಇದ್ದಾರೆ ಅನ್ನೋದೇ ಸಮಾಧಾನ.

ಇಷ್ಟೊತ್ತು ಹೆಸರು ಹೇಳಿದವರೆಲ್ಲ ಹೆಚ್ಚಾಗಿ ಗಂಡಸರು, ಅದರಲ್ಲೂ ಬಿಡುವಿದ್ದ ಗಂಡಸರು. ಆದರೆ ಅಂಗಡಿಯಲ್ಲಿ ಮಾರುವ ನೊಣಗಳನ್ನು ಕಟ್ಟಿದ್ದು ಯಾರು? ಅಮೆರಿಕದ ವರ್ಮಾಂಟಿನ ಮ್ಯಾಂಚೆಸ್ಟರ್ ಊರಿನಲ್ಲಿ ಮೇರಿ ಆರ್ವಿಸ್ ಮಾರ್ಬರಿ ಎಂಬಾಕೆ ತಂದೆಯ ಕಂಪನಿಯಲ್ಲಿ ನೊಣ ಕಟ್ಟುವ ಹೆಂಗಸರ ತಂಡವನ್ನು ನಡೆಸುತ್ತಿದ್ದಳು. ಒಂದೇ ನೊಣಕ್ಕೆ ಊರಿಗೊಂದು ಹೆಸರು, ಒಂದೇ ಹೆಸರಿಗೆ ಹತ್ತು ನೊಣ ಇದ್ದ ಗೊಂದಲದಲ್ಲಿ, ದೇಶದ ಮೂಲೆಮೂಲೆಯ ಗಾಳಗಾರರಿಗೆ ಪತ್ರ ಬರೆದು ಉತ್ತರಗಳನ್ನು ಒಟ್ಟುಮಾಡಿ 1892ರಲ್ಲಿ ಬಣ್ಣದ ಚಿತ್ರಗಳಿರುವ ದೊಡ್ಡ ಪುಸ್ತಕ ತಂದಳು. ಇವತ್ತೂ ಅಷ್ಟೇ. ಗಮನಿಸಿ, ಇಷ್ಟು ಯಂತ್ರ ಬಂದರೂ ನೊಣವನ್ನು ಪೂರ್ತಿ ಕಟ್ಟುವ ಯಂತ್ರ ಬಂದಿಲ್ಲ. ಅಮೆರಿಕ ಯುರೋಪಿನ ಅಂಗಡಿಗಳಲ್ಲಿ ಸಿಗುವ ನೊಣಗಳನ್ನು ಕೀನ್ಯಾ, ಥಾಯ್ಲೆಂಡ್, ಶ್ರೀಲಂಕಾದ ಕಾರ್ಮಿಕರು ಒಂದೊಂದಾಗಿ ಕೈಯಲ್ಲಿ ಕಟ್ಟುತ್ತಾರೆ, ಡಜನ್ ಲೆಕ್ಕದಲ್ಲಿ. ಔಟ್‌ಸೋರ್ಸಿಂಗ್ ದುಡ್ಡಲ್ಲಿ ಬೆಂಗಳೂರಿನ ಇಎಂಐ ಕಟ್ಟುವ ನನ್ನಂಥವನಿಗೆ ಇದು ತೀರಾ ಪರಿಚಿತ ಕಥೆ.

ಹಾಗಾದರೆ ನಮ್ಮ ನೀರಿಗೂ ಈ ಕಥೆಗೂ ಸಂಬಂಧ? ಇದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಭಾರತದಲ್ಲಿ ಗಾಳ ಹಾಕುವ ಇಂಗ್ಲಿಷರಿಗೆಲ್ಲ ಅದು ಕೈಪಿಡಿಯಾಯಿತು. ನಮ್ಮ ಮಹಶೀರ್ ಮೀನಿನ ಮುಂದೆ ಅಷ್ಟೇ ತೂಕದ ಸಾಲ್ಮನ್ ಏನೂ ಅಲ್ಲ ಅಂತ ಅವನ ವಾದ. ಅದಕ್ಕೂ ಮೊದಲು 1870ರಲ್ಲಿ ದಕ್ಷಿಣ ಕನ್ನಡದ ಮೀನುಸಾಕಣೆಯ ಮೇಲೆ ವರದಿ ಬರೆದು, ಮರಿಮೀನುಗಳ ನಾಶದ ಬಗ್ಗೆ ಎಚ್ಚರಿಸಿದ್ದ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿಗೆ ವಿಷ ಹಾಕೋದು, ಸಿಡಿಮದ್ದು ಹಾಕೋದು ಅಪರಾಧ ಅಂತು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಹಿಡಿದ 120 ಪೌಂಡಿನ ಮಹಶೀರ್ ದಾಖಲೆಯಾಗಿ ಉಳಿದಿದೆ.

ಅದೇ ಕಾವೇರಿ ಕೊಳ್ಳದ ಗೂನುಬೆನ್ನಿನ ಮಹಶೀರಿಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಹೆಸರು ಸಿಕ್ಕ ಹೊತ್ತಿಗೆ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿತ್ತು. ನೂರೈವತ್ತು ವರ್ಷ ಅದರ ಮೇಲೆ ಪುಸ್ತಕ ಬರೆದರು, ಫೋಟೋ ತೆಗೆಸಿಕೊಂಡರು, ಅದು ಯಾರು ಅಂತ ತಿಳಿದುಕೊಳ್ಳಲು ಮಾತ್ರ ಇಷ್ಟು ತಡವಾಯಿತು. ಇನ್ನೊಂದು ಕಡೆ, ನಮ್ಮೂರ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ, ಶೃಂಗೇರಿಯಲ್ಲಿ, ಶಿಶಿಲದಲ್ಲಿ ಯಾವ ಕ್ಲಬ್ಬೂ ಇಲ್ಲದೆ ದೇವರ ಮೀನು ಅನ್ನೋ ಒಂದೇ ಮಾತು ತಲೆತಲಾಂತರದಿಂದ ಮೀನು ಉಳಿಸಿದೆ. ಅದೂ ಪೂರ್ತಿ ಭದ್ರವಲ್ಲ. 1996ರಲ್ಲಿ ಶಿಶಿಲದ ಕಪಿಲಾ ನದಿಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು.

ಈಗ ಬೆಂಗಳೂರಿನ ನನ್ನ ಮನೆಯ ಬಾಲ್ಕನಿಯ ಮೇಜಿನ ಮೇಲೆ ಆ ಹಿಡಿಕಟ್ಟು ಇದೆ. ಗರಿ ಊರಿಂದ ಬರುತ್ತೆ, ನಾಟಿ ಹುಂಜದ್ದು. ಹಬ್ಬಕ್ಕೆ ಹುಂಜ ಕೊಯ್ದಾಗ ಕುತ್ತಿಗೆ ಗರಿ ಎತ್ತಿಡೋಕೆ ಹೇಳಿದ್ದೀನಿ. "ಇವನಿಗೆ ಕೋಳಿ ಬೇಡ, ಪುಕ್ಕ ಬೇಕಂತೆ" ಅಂತ ಚಿಕ್ಕಮ್ಮ ಊರೆಲ್ಲ ಹೇಳಿಕೊಂಡು ನಗ್ತಾರೆ. ಅಭಯಾರಣ್ಯದೊಳಗಿನ ನೀರಿಗೆ, ದೇವರ ಮೀನಿನ ಮಡುವಿಗೆ ನಾನು ಹೋಗೋದಿಲ್ಲ. ನಮ್ಮ ಗದ್ದೆ ಪಕ್ಕದ ಹಳ್ಳದಲ್ಲಿ ಬೆರಳುದ್ದದ ಮೀನುಗಳಿಗೆ ಮುಳ್ಳು ಚಪ್ಪಟೆ ಮಾಡಿದ ಕೊಕ್ಕೆಯಲ್ಲಿ ನೊಣ ಬಿಡ್ತೀನಿ. ಸಿಕ್ಕಿದ್ದನ್ನು ಕೈ ಒದ್ದೆ ಮಾಡಿಕೊಂಡು ಬಿಡಿಸಿ ಮತ್ತೆ ನೀರಿಗೆ. ಊರವರಿಗೆ ಇದಂತೂ ಹುಚ್ಚಿನ ಪರಮಾವಧಿ. ಹಿಡಿದ ಮೀನು ಬಿಡೋಕೆ ಇಷ್ಟು ಕಷ್ಟಪಡಬೇಕಾ ಅನ್ನೋ ಅವರ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಸಾರಿಗೆ ಹಿಡಿಯುವವನ ಗಾಳಕ್ಕಿಂತ ನನ್ನ ಗಾಳ ದೊಡ್ಡದು ಅಂತ ನಾನು ಹೇಳಲಾರೆ.

ಹೇಳಬಲ್ಲದ್ದು ಇಷ್ಟೇ. ಹತ್ತೊಂಬತ್ತನೇ ವಯಸ್ಸಿನ ತನಕ ಆ ಹಳ್ಳದ ಬದಿ ಬೆಳೆದ ನಾನು ಅಲ್ಲಿಯ ಒಂದು ಕಲ್ಲನ್ನೂ ಮಗುಚಿ ನೋಡಿರಲಿಲ್ಲ. ಈಗ ಊರಿಗೆ ಹೋದಾಗ ಮೊದಲು ಮಾಡೋದು ಅದನ್ನೇ. ಕಲ್ಲಿನ ತಳಕ್ಕೆ ಅಂಟಿಕೊಂಡಿರುತ್ತವೆ: ಚಪ್ಪಟೆ ಮೈ, ಮೂರೆಳೆಯ ಬಾಲ, ಹೊಟ್ಟೆಯ ಎರಡೂ ಬದಿಗೆ ಬೀಸಣಿಗೆಯ ಥರ ಅಲ್ಲಾಡುವ ಕಿವಿರು. ಮೇಫ್ಲೈ ಮರಿಗಳು. ಕೊಳಕು ನೀರಲ್ಲಿ ಇವು ಬದುಕೋದು ಕಷ್ಟ, ಹಾಗಾಗಿ ಇವು ಇವೆ ಅಂದ್ರೆ ಹಳ್ಳ ಇನ್ನೂ ಚೆನ್ನಾಗಿದೆ ಅಂತ. ಮೇಲಿನ ತೋಟಗಳಿಗೆ ಔಷಧಿ ಹೊಡೆದ ವರ್ಷ ಲೆಕ್ಕ ಕಡಿಮೆಯಾಗುತ್ತಾ ಅಂತ ನೋಡೋಕೆ ಪ್ರತಿ ಸಲ ಹತ್ತು ಕಲ್ಲು ಎಣಿಸಿ, ಫೋನಿನಲ್ಲಿ ಬರೆದುಕೊಳ್ತಿದ್ದೀನಿ. ಚಿಕ್ಕಮ್ಮನ ಮಗ, ಎಂಟನೇ ಕ್ಲಾಸು, ಈಗ ನಾನಿಲ್ಲದಾಗಲೂ ಎಣಿಸಿ ವಾಟ್ಸಾಪ್ ಮಾಡ್ತಾನೆ. ಹೋದ ಭಾನುವಾರ ಅವನ ಲೆಕ್ಕ: ಹತ್ತು ಕಲ್ಲಿಗೆ ಇಪ್ಪತ್ತಮೂರು.